ಜನವರಿಯಲ್ಲಿ ಔಲಿ: ಹಿಮ ಸಿಗುತ್ತಾ? ಸ್ಕೀಯಿಂಗ್, ಗೋರ್ಸನ್ ನಡಿಗೆ ಬಗ್ಗೆ ತಿಳಿದವರು ಹೇಳಿ

ಮಂಜುಹನಿ
ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಗೆ ಉತ್ತರಾಖಂಡದ ಔಲಿಗೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ನಾನು, ನಮ್ಮೆಜಮಾನರು, ಹನ್ನೊಂದು ವರ್ಷದ ಮಗ, ಜೊತೆಗೆ ಅತ್ತೆ. ನಾವಿಬ್ಬರೂ ಕುಮಾರಪರ್ವತ, ತಡಿಯಂಡಮೋಳ್ ಹತ್ತಿದವರು. ನಡಿಗೆಗೆ ಹೆದರುವುದಿಲ್ಲ. ಆದರೆ ಹಿಮದ ಮೇಲೆ ಇದುವರೆಗೆ ಯಾರೂ ಕಾಲಿಟ್ಟಿಲ್ಲ. ಅತ್ತೆ ಬಿಪಿ ಮಾತ್ರೆ ತಗೊಳ್ಳುತ್ತಾರೆ. ಹಾಗಂತ ಬೆಳಗಿನ ವಾಕಿಂಗ್ ಒಂದು ದಿನವೂ ತಪ್ಪಿಸುವುದಿಲ್ಲ.

ಮಗನಿಗೆ ಸ್ಕೀಯಿಂಗ್ ಕಲಿಯಬೇಕು ಅಂತ ಹಟ. ನನಗೆ ದೇವದಾರು ಕಾಡಿನಲ್ಲಿ ನಡೆಯುವ ಆಸೆ. ಒಂದು ಟೂರ್ ಏಜೆನ್ಸಿಯವರು ‘ಹಿಮ ಗ್ಯಾರಂಟಿ’ ಅಂತ ಬರೆದು ಪ್ಯಾಕೇಜ್ ಕಳಿಸಿದ್ದಾರೆ. ಔಲಿಯಲ್ಲಿ ಎರಡು ರಾತ್ರಿ, ಅದರಲ್ಲಿ ಒಂದು ಗಂಟೆ ಸ್ಕೀಯಿಂಗ್. ನಂಬಬಹುದಾ? ಜೋಶಿಮಠದಿಂದ ಮೇಲಕ್ಕೆ ರೋಪ್‌ವೇ ಇದೆಯಂತಲ್ಲ, ಅದರಲ್ಲೇ ಹೋಗಬಹುದಾ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಕಾಡುಹಾದಿ
ಮೊದಲು ಆ ‘ಗ್ಯಾರಂಟಿ’ ಮಾತು ಬಿಟ್ಟುಬಿಡಿ. ಔಲಿಯಲ್ಲಿ ಹಿಮ ಬೀಳುತ್ತದೆ ಅಂತ ಯಾರೂ ತಿಂಗಳ ಮುಂಚೆ ಬರೆದುಕೊಡಲು ಆಗುವುದಿಲ್ಲ.

ನಮ್ಮ ಮುಂಗಾರಿನ ಲೆಕ್ಕ ಅಲ್ಲಿ ಚಳಿಗಾಲಕ್ಕೆ ನಡೆಯುವುದಿಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಮಳೆ–ಹಿಮದ ಮೋಡಗಳ ವ್ಯವಸ್ಥೆ, ಅಂದರೆ ವೆಸ್ಟರ್ನ್ ಡಿಸ್ಟರ್ಬೆನ್ಸ್‌ಗಳೇ ಹಿಮಾಲಯಕ್ಕೆ ಹಿಮ ತರುವುದು. ಒಂದು ಬಂದರೆ ಎರಡು ಮೂರು ದಿನ ಆಕಾಶ ಮುಚ್ಚಿಕೊಂಡು ಹಿಮ ಸುರಿಯುತ್ತದೆ. ಆಮೇಲೆ ವಾರಗಟ್ಟಲೆ ಬರೀ ಬಿಸಿಲು ಇರಬಹುದು. ಔಲಿ ಇರುವುದು ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿ. ಈ ಎತ್ತರದಲ್ಲಿ ಒಂದೆರಡು ಡಿಗ್ರಿ ಹೆಚ್ಚಾದರೂ ಹಿಮ ಬೀಳಬೇಕಾದ ಕಡೆ ಮಳೆ ಬೀಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹಿಮ ಸಾಲದೆ ಅಲ್ಲಿನ ಸ್ಕೀ ಸ್ಪರ್ಧೆಗಳನ್ನು ಮುಂದೂಡಿದ್ದು ಒಂದೇ ಸಲವಲ್ಲ.

‘ಕೃತಕ ಹಿಮದ ಮಷೀನ್ ಇದೆ’ ಅಂತಲೂ ಹೇಳುತ್ತಾರೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಅಂತ ತಂದು ಕೂರಿಸಿದ್ದು. ನೀರಿಗೆ ಒಂದು ಕೆರೆಯನ್ನೂ ಕಟ್ಟಿದರು. ಆದರೆ ಮಷೀನಿಗೂ ಚಳಿ ಬೇಕಲ್ವಾ? ಅದು ನೀರನ್ನು ಸಣ್ಣ ಹನಿಗಳಾಗಿ ಗಾಳಿಗೆ ಚಿಮ್ಮಿಸುತ್ತದೆ. ಗಾಳಿ ಒಣಗಿದ್ದು, ಉಷ್ಣಾಂಶ ಸೊನ್ನೆಗಿಂತ ಕೆಳಗಿದ್ದರೆ ಮಾತ್ರ ಆ ಹನಿ ನೆಲ ಮುಟ್ಟುವ ಮೊದಲು ಹೆಪ್ಪುಗಟ್ಟುತ್ತದೆ. ಬೆಚ್ಚಗಿನ ವರ್ಷದಲ್ಲಿ ಅದನ್ನು ನೆಚ್ಚಿಕೊಳ್ಳಲು ಆಗುವುದಿಲ್ಲ.

ಡಿಸೆಂಬರ್‌ಗಿಂತ ಜನವರಿ ಕೊನೆ, ಫೆಬ್ರವರಿ ಮೊದಲೆರಡು ವಾರ ಒಳ್ಳೆಯದು. ಆದರೂ ನನ್ನ ಮಾತು ಕೇಳಿ: ಕಾಡಿಗಾಗಿ, ಶಿಖರಗಳಿಗಾಗಿ ಹೊರಡಿ. ಹಿಮ ಬಿದ್ದರೆ ಅದು ಮೇಲಿನ ಲಾಭ. ಹಾಗೆ ಮನಸ್ಸು ಮಾಡಿಕೊಂಡು ಹೋದವರು ಔಲಿಯಿಂದ ಬೇಜಾರಾಗಿ ಬಂದಿದ್ದನ್ನು ನಾನು ನೋಡಿಲ್ಲ.

ದಾರಿಹೋಕ
ರೋಪ್‌ವೇ ವಿಷಯ. ಜೋಶಿಮಠ–ಔಲಿ ರೋಪ್‌ವೇ ಸುಮಾರು 4 ಕಿ.ಮೀ. ಉದ್ದದ್ದು, ಅದನ್ನು ನೋಡಲೆಂದೇ ಜನ ಬರುತ್ತಿದ್ದರು. ಜನವರಿ 2023ರಲ್ಲಿ ಜೋಶಿಮಠದಲ್ಲಿ ನೆಲ ಕುಸಿದು ನೂರಾರು ಮನೆಗಳು ಬಿರುಕು ಬಿಟ್ಟಾಗ ಅದನ್ನು ನಿಲ್ಲಿಸಿದರು. ಅದನ್ನು ಲೆಕ್ಕಕ್ಕೆ ತಗೊಳ್ಳದೆ ಪ್ಲಾನ್ ಮಾಡಿ. ಔಲಿಯೊಳಗೆ ಇಳಿಜಾರಿನ ಪಕ್ಕದಲ್ಲಿ ಒಂದು ಚೇರ್‌ಲಿಫ್ಟ್ ಇದೆ, ಅದು ಬೇರೆ. ಪ್ಯಾಕೇಜ್‌ನವರು ಕೆಲವರು ಎರಡನ್ನೂ ಸೇರಿಸಿ ‘ರೋಪ್‌ವೇ ರೈಡ್’ ಅಂತ ಬರೆಯುತ್ತಾರೆ. ಯಾವುದು ಅಂತ ಬಿಡಿಸಿ ಕೇಳಿ.

ದಾರಿ ಬಗ್ಗೆ ಇನ್ನೂ ಮುಖ್ಯವಾದ ಮಾತಿದೆ. ರಿಷಿಕೇಶದಿಂದ ಜೋಶಿಮಠ ಸುಮಾರು 250 ಕಿ.ಮೀ. ನಮ್ಮ ಕಡೆ ಹೈವೇ ಲೆಕ್ಕದಲ್ಲಿ ನಾಲ್ಕೈದು ಗಂಟೆ ಅಂದುಕೊಂಡರೆ ಕೆಟ್ಟಿರಿ. ಇಡೀ ದಿನ ಬೇಕು. ದೇವಪ್ರಯಾಗ, ಶ್ರೀನಗರ (ಕಾಶ್ಮೀರದ್ದಲ್ಲ, ಗಢವಾಲದ್ದು), ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ, ಚಮೋಲಿ, ಪೀಪಲ್‌ಕೋಟಿ, ಆಮೇಲೆ ಜೋಶಿಮಠ. ಉದ್ದಕ್ಕೂ ನದಿ ಪಕ್ಕದಲ್ಲೇ ತಿರುವು. ಅತ್ತೆ, ಮಗು ಇರುವುದರಿಂದ ರುದ್ರಪ್ರಯಾಗ ಅಥವಾ ಕರ್ಣಪ್ರಯಾಗದಲ್ಲಿ ಒಂದು ರಾತ್ರಿ ಉಳಿಯಿರಿ. ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಹೋಗುವುದು ಬೇಡ. ಡ್ರೈವರ್ ‘ಪರವಾಗಿಲ್ಲ ಹೋಗೋಣ’ ಅಂದರೂ ಒಪ್ಪಬೇಡಿ.

ಜೋಶಿಮಠದಿಂದ ಔಲಿಗೆ ರಸ್ತೆ ಇದೆ, ಹದಿನಾಲ್ಕು ಕಿ.ಮೀ. ಆಸುಪಾಸು. ಹಿಮ ಬಿದ್ದ ದಿನ ನಿಮ್ಮ ಕೆಳಗಿನ ಊರಿನ ಟ್ಯಾಕ್ಸಿ ಅಲ್ಲಿ ಹತ್ತುವುದಿಲ್ಲ. ಚಕ್ರಕ್ಕೆ ಚೈನ್ ಕಟ್ಟಿದ ಫೋರ್ ವೀಲ್ ಡ್ರೈವ್ ಗಾಡಿಗಳನ್ನು ಅಲ್ಲಿಯವರೇ ಓಡಿಸುತ್ತಾರೆ. ಅವರ ಕೈಗೆ ಒಪ್ಪಿಸಿ. ಹಿಮಕ್ಕಿಂತ ಅಪಾಯ ಅಂದರೆ ಹಗಲು ಕರಗಿ ರಾತ್ರಿ ಮತ್ತೆ ಗಟ್ಟಿಯಾದ ನೀರು. ರಸ್ತೆ ಸುಮ್ನೆ ಒದ್ದೆಯಾದಂತೆ ಕಾಣುತ್ತದೆ, ಕಾಲಿಟ್ಟರೆ ಜಾರುತ್ತದೆ. ಬೆಳಿಗ್ಗೆ ಬಿಸಿಲು ಬರುವ ತನಕ ರೂಮ್‌ನಿಂದ ಹೊರಡುವ ಅವಸರ ಬೇಡ.

ಹಿಮದಂಚು
ಸ್ಕೀ ಬಗ್ಗೆ ನಾನು ಹೇಳುತ್ತೇನೆ. ಒಂದು ಗಂಟೆಯ ಸ್ಕೀಯಿಂಗ್ ಅಂದರೆ ಬೂಟು ಹಾಕಿಕೊಳ್ಳುವುದರಲ್ಲೇ ಕಾಲು ಗಂಟೆ ಹೋಗುತ್ತದೆ. ಫೋಟೋ ಸಿಗುತ್ತದೆ, ವಿದ್ಯೆ ಸಿಗುವುದಿಲ್ಲ. ಮಗನಿಗೆ ನಿಜವಾಗಿ ಆಸೆ ಇದ್ದರೆ ಕನಿಷ್ಠ ಮೂರು ದಿನ ಕೊಡಿ. ಮೂರನೇ ದಿನದ ಹೊತ್ತಿಗೆ ಸಣ್ಣ ಇಳಿಜಾರಿನಲ್ಲಿ ತಾನೇ ನಿಲ್ಲುವುದು, ಎಡಕ್ಕೂ ಬಲಕ್ಕೂ ತಿರುಗುವುದು ಬಂದುಬಿಡುತ್ತದೆ. ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ. ಸರಿಯಾಗಿ ಕಲಿಯಬೇಕು ಅನ್ನುವವರಿಗೆ ಗಢವಾಲ್ ಮಂಡಲ್ ವಿಕಾಸ್ ನಿಗಮದವರು (ಅಲ್ಲಿನ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆ) ಹಿಮ ಇರುವ ವರ್ಷ 7 ದಿನ, 14 ದಿನಗಳ ಕೋರ್ಸ್ ಮಾಡುತ್ತಾರೆ. ದಿನಾಂಕ ಅವರನ್ನೇ ಕೇಳಿ.

ಬಾಡಿಗೆ ಬೂಟು ಆರಿಸುವಾಗ ನಾಚಿಕೆ ಪಡಬೇಡಿ, ಎರಡು ಮೂರು ಹಾಕಿ ನೋಡಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಕ್ಕೆ ತಾಗಬೇಕು. ಮಂಡಿ ಬಗ್ಗಿಸಿ ಮುಂದಕ್ಕೆ ವಾಲಿದಾಗ ಬೆರಳು ಒಂಚೂರು ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೇಳಬಾರದು. ಮೊಣಕಾಲ ಕೆಳಗಿನ ಮೂಳೆ ಬೂಟಿನ ಮುಂಭಾಗಕ್ಕೆ ಗಟ್ಟಿಯಾಗಿ ಒತ್ತಬೇಕು. ಒಂದೇ ಜೊತೆ ಸಾಕ್ಸ್ ಹಾಕಿ, ಅದೂ ಮೊಣಕಾಲವರೆಗೆ ಬರುವಂಥದ್ದು. ಚಳಿ ಅಂತ ಎರಡು ಜೊತೆ ಹಾಕಿದರೆ ರಕ್ತ ಓಡಾಟ ಕಮ್ಮಿಯಾಗಿ ಕಾಲು ಇನ್ನೂ ತಣ್ಣಗಾಗುತ್ತದೆ. ಪ್ಯಾಂಟಿನ ಅಂಚು ಬೂಟಿನೊಳಗೆ ತುರುಕಬೇಡಿ. ಮಡಿಕೆ ಒತ್ತಿ ಒತ್ತಿ ಸಂಜೆಗೆ ಚರ್ಮ ಕೆಂಪಾಗಿರುತ್ತದೆ.

ಸ್ಕೀ ಉದ್ದ ಕಲಿಯುವವರಿಗೆ ಗಲ್ಲದಿಂದ ಮೂಗಿನ ತನಕ ಬಂದರೆ ಸಾಕು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಇರುತ್ತದಲ್ಲ, ಬಿದ್ದಾಗ ಅದು ಬಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಮಂಡಿ ತಿರುಚುತ್ತದೆ. ಅದನ್ನು ತೂಕ, ಎತ್ತರ, ವಯಸ್ಸು ನೋಡಿ ಬಿಗಿ ಮಾಡುವುದು. ಯಾರೋ ದೊಡ್ಡವರು ಬಳಸಿದ್ದನ್ನು ಹಾಗೇ ಮಗನಿಗೆ ಕೊಟ್ಟರೆ ತಗೊಳ್ಳಬೇಡಿ. ಎದುರಿಗೇ ಸರಿಮಾಡಿಸಿ. ಹೆಲ್ಮೆಟ್ ಇಲ್ಲ ಅಂದರೆ ಆ ಅಂಗಡಿಯೇ ಬೇಡ.

ಮೊದಲ ದಿನ ಕಲಿಸುವುದು ಜಾರುವುದನ್ನಲ್ಲ. ಒಂದೇ ಸ್ಕೀ ಹಾಕಿಕೊಂಡು ನಡೆಯುವುದು, ಅಡ್ಡ ನಿಂತು ಹೆಜ್ಜೆ ಹೆಜ್ಜೆಯಾಗಿ ಮೇಲೇರುವುದು, ಪಕ್ಕಕ್ಕೆ ಬೀಳುವುದು, ಎದ್ದು ನಿಲ್ಲುವುದು. ಏಳುವ ಮೊದಲು ಎರಡೂ ಸ್ಕೀಗಳನ್ನು ಇಳಿಜಾರಿಗೆ ಅಡ್ಡ ತರಬೇಕು. ಇಲ್ಲದಿದ್ದರೆ ಎದ್ದ ಕೂಡಲೇ ಮತ್ತೆ ಜಾರುತ್ತೀರಿ. ಆಮೇಲೆ ಸ್ನೋ ಪ್ಲೋ. ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿ ಅಗಲಿಸಿ, ಒಳ ಅಂಚಿನ ಮೇಲೆ ಭಾರ ಹಾಕಿದರೆ ವೇಗ ತಗ್ಗುತ್ತದೆ. ಇಳಿಜಾರು ನೋಡಿ ಹೆದರಿಕೆಯಾದಾಗ ದೇಹ ತಾನಾಗಿ ಹಿಂದಕ್ಕೆ ವಾಲುತ್ತದೆ. ಅಲ್ಲೇ ಎಲ್ಲರೂ ಬೀಳುವುದು. ಭಾರ ಹಿಂದೆ ಹೋದರೆ ಸ್ಕೀ ಮುಂದಿನ ಅಂಚು ಹಿಡಿಯುವುದಿಲ್ಲ, ತಿರುಗಿಸಲು ಆಗುವುದಿಲ್ಲ. ಹೆದರಿಕೆಯಾದಷ್ಟೂ ಮುಂದಕ್ಕೆ ವಾಲು ಅಂತ ಮಗನಿಗೆ ಈಗಿನಿಂದಲೇ ಹೇಳಿಡಿ.

ರಜೆದಾರಿ
ನನಗೆ ಅನ್ನಿಸುವುದು, ಸ್ಕೀ ಮುಖ್ಯ ಅಂದರೆ ಕಾಶ್ಮೀರದ ಗುಲ್ಮರ್ಗ್‌ಗೆ ಹೋಗಿ. ಎತ್ತರದ ಇಳಿಜಾರುಗಳಿವೆ, ಗೊಂಡೋಲಾ ಅನ್ನುವ ಕೇಬಲ್ ಕಾರ್ ಎರಡು ಹಂತದಲ್ಲಿ ಅಫರ್ವತ್ ಪರ್ವತದ ಮೇಲೆ ಸುಮಾರು 3,900 ಮೀಟರ್‌ವರೆಗೆ ಕರೆದೊಯ್ಯುತ್ತದೆ. ಹಿಮವೂ ಔಲಿಗಿಂತ ಜಾಸ್ತಿ. ಶ್ರೀನಗರಕ್ಕೆ ವಿಮಾನದಲ್ಲಿ ಇಳಿದರೆ ಅದೇ ದಿನ ತಲುಪಬಹುದು. 250 ಕಿ.ಮೀ. ಘಟ್ಟದ ದಾರಿಯ ತಾಪತ್ರಯ ಇಲ್ಲ.

ಕಾಡುಹಾದಿ
ಗುಲ್ಮರ್ಗ್ ದೊಡ್ಡ ಜಾಗ, ಒಪ್ಪುತ್ತೇನೆ. ಆದರೆ ಜನವರಿ 2024ರಲ್ಲಿ ಅಲ್ಲಿಯೂ ಹುಲ್ಲು ಕಾಣುತ್ತಿತ್ತು, ಹಿಮ ಬೀಳಲು ತಿಂಗಳ ಕೊನೆ ತನಕ ಕಾಯಬೇಕಾಯಿತು. ಇನ್ನೊಂದು, ಎರಡನೇ ಹಂತದ ಮೇಲಿನ ತೆರೆದ ಇಳಿಜಾರುಗಳು ಪಳಗಿದವರಿಗೆ. ಅಲ್ಲಿ ಹಿಮಕುಸಿತ ಆಗುತ್ತದೆ. ಫೆಬ್ರವರಿ 2023ರಲ್ಲಿ ಇಬ್ಬರು ವಿದೇಶಿ ಸ್ಕೀಯರ್‌ಗಳು ಅಫರ್ವತ್‌ನಲ್ಲೇ ತೀರಿಕೊಂಡರು. ಕಲಿಯುವ ಮಗುವಿಗೆ ಕೆಳಗಿನ ಮೈದಾನವೇ ಸಾಕು. ಅಷ್ಟಕ್ಕೆ ಔಲಿಯೂ ಸಾಕು.

ಇವರು ಕೇಳಿದ್ದು ಕಾಡಿನ ನಡಿಗೆಯನ್ನೂ ಅಲ್ವಾ? ಅದಕ್ಕೆ ನಾನು ಔಲಿಯನ್ನೇ ಹೇಳುತ್ತೇನೆ.

ರಜೆದಾರಿ
ಸರಿ ಸರ್, ನಡಿಗೆ ಅಂದರೆ ಔಲಿಯೇ. ಅದಕ್ಕೆ ನನ್ನ ತಕರಾರಿಲ್ಲ. ಬಿಡುವು ಕಮ್ಮಿ ಇರುವವರಿಗೆ ದಾರಿ ದೂರ ಅನ್ನುವುದಷ್ಟೇ ನನ್ನ ಮಾತು.

ಮಂಜುಹನಿ
ತುಂಬಾ ಥ್ಯಾಂಕ್ಸ್. ಬೂಟಿನ ವಿವರ ಓದಿ ಮಗ ಬರೆದಿಟ್ಟುಕೊಂಡಿದ್ದಾನೆ. ಕಾಡುಹಾದಿ ಸರ್, ಗೋರ್ಸನ್ ಬುಗಿಯಾಲ್ (ಬೆಟ್ಟದ ಮೇಲಿನ ಹುಲ್ಲುಗಾವಲು) ಅಂತ ಎಲ್ಲರೂ ಹೇಳುತ್ತಾರಲ್ಲ, ಆ ನಡಿಗೆ ಹೇಗಿರುತ್ತದೆ? ಅತ್ತೆಯೂ ಬರಬಹುದಾ?

ಕಾಡುಹಾದಿ
ಔಲಿಯ ಮೇಲಿನ ತುದಿಯಿಂದ ಗೋರ್ಸನ್‌ಗೆ ಮೂರು ಕಿ.ಮೀ. ಆಸುಪಾಸು. ಮೊದಲು ಬಯಲು ಇಳಿಜಾರು, ಆಮೇಲೆ ಓಕ್ ಮತ್ತು ದೇವದಾರು ಮರಗಳ ಕಾಡು, ಕೊನೆಗೆ ಮರಗಳು ಮುಗಿದು ಮೂರು ಸಾವಿರ ಮೀಟರ್ ಮೇಲಿನ ಹುಲ್ಲುಗಾವಲು. ದೂರ ಕಮ್ಮಿ ಅಂತ ಹಗುರವಾಗಿ ಎಣಿಸಬೇಡಿ. ಹೊಸ ಹಿಮದಲ್ಲಿ ಹತ್ತುವುದು ಕಡಲತೀರದ ಒಣ ಮರಳಲ್ಲಿ ನಡೆದ ಹಾಗೆ. ಇಟ್ಟ ಹೆಜ್ಜೆ ಅರ್ಧ ಹಿಂದಕ್ಕೆ ಬರುತ್ತದೆ. ಕುಮಾರಪರ್ವತ ಹತ್ತಿದ ಕಾಲಿಗೂ ಇದು ಬೇರೆಯೇ ಕೆಲಸ. ಮುಂದಿನವರ ಹೆಜ್ಜೆ ಗುರುತಿನಲ್ಲೇ ಹೆಜ್ಜೆ ಇಡಿ, ದಣಿವು ಎಷ್ಟೋ ಕಮ್ಮಿಯಾಗುತ್ತದೆ.

ಕಾಡಿನೊಳಗೆ ಹೋದ ಮೇಲೆ ಮಾತು ನಿಲ್ಲಿಸಿ ನಡೆಯಿರಿ. ಓಕ್ ಮರದ ಕಾಂಡಕ್ಕೆ ಪಾಚಿ, ಜರಿಗಿಡ ಹಿಡಿದಿರುತ್ತದೆ. ಬಿಸಿಲು ಏರಿದಂತೆ ಮೇಲಿನ ಕೊಂಬೆಯಿಂದ ಹಿಮದ ಮುದ್ದೆ ಕೆಳಗಿನ ಕೊಂಬೆಗೆ ಬೀಳುತ್ತದೆ, ಅಲ್ಲಿಂದ ಇನ್ನೊಂದು ಕೊಂಬೆಗೆ, ಕೊನೆಗೆ ನಿಮ್ಮ ಕಾಲರ್ ಒಳಗೆ. ಮೋನಾಲ್ ಹಕ್ಕಿ ಕಾಣಬೇಕಾದರೆ ಬೆಳಿಗ್ಗೆ ಬೇಗ ಕಾಡಿನ ಅಂಚಿಗೆ ಬನ್ನಿ. ಅದು ಉತ್ತರಾಖಂಡದ ರಾಜ್ಯ ಪಕ್ಷಿ. ಗಂಡಿನ ಕತ್ತಿನಲ್ಲಿ ತಾಮ್ರ, ಹಸಿರು, ನೀಲಿ ಬಣ್ಣಗಳು ತಿರುಗಿದಂತೆಲ್ಲ ಬದಲಾಗುತ್ತವೆ. ಕೊಕ್ಕಿನಿಂದ ಹಿಮ ಅಗೆದು ಬೇರು, ಗೆಡ್ಡೆ ಹುಡುಕುತ್ತದೆ. ಅಗೆದ ಗುಂಡಿಯ ಸುತ್ತ ಬಿಳಿ ಹಿಮದ ಮೇಲೆ ಕಪ್ಪು ಮಣ್ಣು ಚೆಲ್ಲಿರುತ್ತದೆ. ಹಕ್ಕಿ ಕಾಣದಿದ್ದರೂ ಆ ಗುರುತು ಸಿಗುತ್ತದೆ, ಮಗನಿಗೆ ತೋರಿಸಿ. ಫೆಬ್ರವರಿ ಕೊನೆಗೆ ಹೋದರೆ ಕೆಳಗಿನ ಕಾಡಿನಲ್ಲಿ ಬುರಾಂಶ್ ಹೂ ಬಿಡಲು ಶುರುವಾಗಿರುತ್ತದೆ, ಕೆಂಪಗೆ.

ಆಕಾಶ ತಿಳಿಯಾಗಿದ್ದರೆ ಮೇಲಿನಿಂದ ನಂದಾದೇವಿ ಕಾಣುತ್ತದೆ, 7,816 ಮೀಟರ್. ಪೂರ್ತಿ ಭಾರತದೊಳಗೇ ಇರುವ ಶಿಖರಗಳಲ್ಲಿ ಅತಿ ಎತ್ತರದ್ದು. ಪಕ್ಕದಲ್ಲಿ ದ್ರೋಣಗಿರಿ, ಹಾಥಿ ಪರ್ವತ. ಮಧ್ಯಾಹ್ನಕ್ಕೆ ಮೋಡ ಬರುವುದು ಸಾಮಾನ್ಯ, ಹಾಗಾಗಿ ಬೆಳಿಗ್ಗೆಯೇ ಹೋಗಿ. ಎರಡು ಗಂಟೆಗೆಲ್ಲ ವಾಪಸ್ ಹೊರಡಿ. ಜನವರಿಯಲ್ಲಿ ಐದೂವರೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಆ ಕ್ಷಣದಿಂದ ಚಳಿ ಏರುವುದು ಗೊತ್ತಾಗುತ್ತದೆ.

ಅತ್ತೆಯವರನ್ನು ಕಾಡಿನ ಅಂಚಿನ ತನಕ ಕರೆದುಕೊಂಡು ಹೋಗಿ. ಅಲ್ಲಿಂದಲೂ ನೋಟಕ್ಕೆ ಏನೂ ಕಮ್ಮಿಯಿಲ್ಲ. ಹಿಮ ಜಾಸ್ತಿ ಇದ್ದರೆ ಊರಿನ ಗೈಡ್ ಇಲ್ಲದೆ ನೀವೂ ಮೇಲಕ್ಕೆ ಹೋಗಬೇಡಿ. ದಾರಿ ಮುಚ್ಚಿರುತ್ತದೆ. ಅಲ್ಲಿಂದ ಮುಂದೆ ಕುವಾರಿ ಪಾಸ್ ಕಡೆಗೆ ಹೋಗುವುದು ಬೇರೆ ಮಾತು. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ, ಗೈಡ್, ಟೆಂಟು ಎಲ್ಲ ಬೇಕು.

ಬೆಟ್ಟದಹೂ
ನಾನು ಆಸ್ಪತ್ರೆಯಲ್ಲಿ ನರ್ಸ್, ಚಾರಣದ ಹುಚ್ಚೂ ಇದೆ. ಅತ್ತೆಯವರ ಬಗ್ಗೆ ಓದಿ ಬರೆಯೋಣ ಅನ್ನಿಸಿತು.

2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೆ ಬೇಕಾದರೂ ಬರಬಹುದು. ಗಟ್ಟಿಮುಟ್ಟಾದ ಯುವಕರಿಗೂ. ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಇದರ ಲಕ್ಷಣ. ಬಂದರೆ ಅವತ್ತು ಮೇಲೆ ಹತ್ತಬೇಡಿ, ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ. ಜೋಶಿಮಠ 1,900 ಮೀಟರ್‌ಗಿಂತ ಸ್ವಲ್ಪ ಕೆಳಗಿದೆ. ಅಲ್ಲಿ ಒಂದು ರಾತ್ರಿ ಕಳೆದು ಮೇಲೆ ಹೋದರೆ ದೇಹ ಹೊಂದಿಕೊಳ್ಳುತ್ತದೆ. ಬಿಪಿ ಮಾತ್ರೆ ನಿಲ್ಲಿಸಬೇಡಿ, ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಕಂಡು ಎತ್ತರದ ಜಾಗಕ್ಕೆ ಹೋಗುತ್ತಿದ್ದೇವೆ ಅಂತ ಹೇಳಿ. ಮಾತ್ರೆ ಕೈಚೀಲದಲ್ಲಿರಲಿ, ಗಾಡಿ ಮೇಲೆ ಕಟ್ಟಿದ ಬ್ಯಾಗಿನಲ್ಲಿ ಬೇಡ. ಚಳಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ. ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಟುಕೊಂಡು ಆಗಾಗ ಕುಡಿಸಿ.

ಕಣ್ಣಿನ ವಿಷಯ ಜಾಸ್ತಿ ಜನ ಮರೆಯುತ್ತಾರೆ. ಪ್ರತಿ ಸಾವಿರ ಮೀಟರ್‌ಗೆ ನೇರಳಾತೀತ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಹೊಸ ಹಿಮವಂತೂ ಅದರಲ್ಲಿ ಶೇ 80ರವರೆಗೆ ತಿರುಗಿ ನಿಮ್ಮ ಮುಖಕ್ಕೇ ಎಸೆಯುತ್ತದೆ. ಒಂದು ದಿನ ಬರಿಗಣ್ಣಲ್ಲಿ ಓಡಾಡಿದರೆ ರಾತ್ರಿ ಕಣ್ಣಲ್ಲಿ ಮಣ್ಣು ಬಿದ್ದಂಥ ಉರಿ, ನೀರು. ಮೋಡ ಇದ್ದ ದಿನವೂ ಯುವಿ ತಡೆಯುವ ಕನ್ನಡಕ ಹಾಕಿ. ಸನ್‌ಸ್ಕ್ರೀನನ್ನು ಮೂಗಿನ ಕೆಳಗೆ, ಗಲ್ಲದ ಕೆಳಗೂ ಹಚ್ಚಿ.

ಬಟ್ಟೆಗೆ ಕಾಟನ್ ಬೇಡವೇ ಬೇಡ. ಬೆವರು ಹೀರಿ ಒದ್ದೆಯಾಗೇ ಇರುತ್ತದೆ, ನಿಂತ ಕೂಡಲೇ ಮೈ ಕೊರೆಯುತ್ತದೆ. ಮೈಗೆ ಅಂಟಿ ಉಣ್ಣೆಯದೋ ಸಿಂಥೆಟಿಕ್ಕೋ ಒಳಂಗಿ, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ–ನೀರು ತಡೆಯುವ ಜಾಕೆಟ್. ಹತ್ತುವಾಗ ಒಂದು ಕಳಚಿ, ನಿಂತಾಗ ಹಾಕಿಕೊಳ್ಳಿ. ಜೀನ್ಸ್‌ನಲ್ಲಿ ಹಿಮಕ್ಕಿಳಿದವರ ಕಷ್ಟ ನೋಡಲಾಗುವುದಿಲ್ಲ.

ನೆಲದಮಾತು
ಇಲ್ಲಿಯವರೆಗೆ ಯಾರೂ ಹೇಳದ ಒಂದು ಮಾತು. ಜೋಶಿಮಠ ಹಳೆಯ ಭೂಕುಸಿತದ ಮಣ್ಣಿನ ಮೇಲೆ ಕೂತಿರುವ ಊರು. ಭಾರಿ ಕಟ್ಟಡ ಬೇಡ, ಬಂಡೆ ಒಡೆಯಬೇಡಿ, ಮರ ಕಡಿಯಬೇಡಿ ಅಂತ 1976ರಲ್ಲೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. ಕೇಳಲಿಲ್ಲ. 2023ರಲ್ಲಿ ಜನ ಮನೆ ಬಿಟ್ಟು ಹೊರಬರಬೇಕಾಯಿತು. ಇಂಥ ಊರಿನ ಮೇಲೆ ನಾವು ರಜೆಗೆ ಅಂತ ಹೋಗಿ ಇನ್ನೂ ಭಾರ ಹಾಕಬೇಕಾ? ನನಗೆ ಇದು ನಿಜವಾಗಿ ಕಾಡುವ ಪ್ರಶ್ನೆ.

ದಾರಿಹೋಕ
ಪ್ರಶ್ನೆ ಸರಿಯಾಗಿದೆ. ಆದರೆ ಅಲ್ಲಿ ಗೈಡ್, ಡ್ರೈವರ್, ಕುದುರೆಯವರು, ಚಹಾ ಅಂಗಡಿಯವರು ಎಷ್ಟೋ ಜನರಿಗೆ ಚಳಿಗಾಲದಲ್ಲಿ ಬರುವ ಪ್ರವಾಸಿಗರೇ ಆಧಾರ. ಬದರೀನಾಥ ನವೆಂಬರ್‌ಗೆ ಬಾಗಿಲು ಹಾಕಿದ ಮೇಲೆ ಯಾತ್ರಿಕರೂ ಇರುವುದಿಲ್ಲ. ಹೋಗುವುದೇ ಬೇಡ ಅಂದರೆ ಮೊದಲ ಪೆಟ್ಟು ಬೀಳುವುದು ಅವರಿಗೆ. ಹೇಗೆ ಹೋಗುತ್ತೇವೆ ಅನ್ನುವುದರಲ್ಲಿ ವ್ಯತ್ಯಾಸ ಇದೆ. ಊರಿನವರ ಸಣ್ಣ ಹೋಂಸ್ಟೇಯಲ್ಲಿ ಉಳಿಯಿರಿ. ಬಕೆಟ್ ನೀರಲ್ಲಿ ಸ್ನಾನ ಮಾಡಿ. ನಾಲ್ಕು ಗಾಡಿ ಬದಲು ಒಂದು ಗಾಡಿಯಲ್ಲಿ ಹೋಗಿ.

ನೆಲದಮಾತು
ಅಷ್ಟು ಮಾಡುವವರು ಹೋಗಲಿ, ನನ್ನ ಅಡ್ಡಿಯಿಲ್ಲ. ಇನ್ನೆರಡು ಸೇರಿಸುತ್ತೇನೆ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗಿಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತು. ಗೋರ್ಸನ್ ಮೇಲೆ ‘ಸ್ನೋ ಕ್ಯಾಂಪಿಂಗ್ ಮಾಡಿಸುತ್ತೇವೆ’ ಅನ್ನುವವರ ಮಾತಿಗೆ ಮರುಳಾಗಬೇಡಿ. ಹಿಮದ ಕೆಳಗೆ ಇರುವುದು ಹುಲ್ಲು. ಟೆಂಟು ಬಡಿದು, ಬೆಂಕಿ ಹಾಕಿದ ಜಾಗ ಮತ್ತೆ ಹಸಿರಾಗಲು ವರ್ಷಗಟ್ಟಲೆ ಬೇಕು. ಕಸ ಒಂದು ಚೂರೂ ಬಿಡದೆ ಕೆಳಗೆ ತನ್ನಿ. ಜೂನ್ 2019ರಲ್ಲಿ ಔಲಿಯಲ್ಲಿ ನಡೆದ ಅದ್ದೂರಿ ಮದುವೆಯ ವಿಷಯ ಹೈಕೋರ್ಟ್ ತನಕ ಹೋಗಿ, 3 ಕೋಟಿ ರೂಪಾಯಿ ಠೇವಣಿ ಇಡಿ ಅಂತ ಕೋರ್ಟ್ ಹೇಳಬೇಕಾಯಿತು. ಹಿಮದಲ್ಲಿ ಬಿಸಾಡಿದ ಪ್ಲಾಸ್ಟಿಕ್ ಅವತ್ತು ಮುಚ್ಚಿಹೋಗುತ್ತದೆ. ಏಪ್ರಿಲ್‌ನಲ್ಲಿ ಎಲ್ಲ ಮೇಲೆ ಬರುತ್ತದೆ.

ಮಂಜುಹನಿ
ಎಲ್ಲರ ಮಾತು ಮನೆಯಲ್ಲಿ ಕೂತು ಓದಿದೆವು. ಪ್ಯಾಕೇಜ್ ಬೇಡ ಅಂತ ಹೇಳಿಯಾಯಿತು. ಫೆಬ್ರವರಿ ಮೊದಲ ವಾರಕ್ಕೆ ಮುಂದೂಡಿದ್ದೇವೆ. ಕರ್ಣಪ್ರಯಾಗದಲ್ಲಿ ಒಂದು ರಾತ್ರಿ, ಜೋಶಿಮಠದಲ್ಲಿ ಒಂದು ರಾತ್ರಿ, ಆಮೇಲೆ ಔಲಿಯಲ್ಲಿ ನಾಲ್ಕು ದಿನ. ಹಿಮ ಇದ್ದರೆ ಮಗನಿಗೆ ಮೂರು ದಿನ ಸ್ಕೀ ಪಾಠ, ಇಲ್ಲದಿದ್ದರೆ ಅವನೂ ನಮ್ಮ ಜೊತೆ ಗೋರ್ಸನ್‌ಗೆ. ಅತ್ತೆಗೆ ಜೋಶಿಮಠದ ನರಸಿಂಹ ದೇವಸ್ಥಾನ ನೋಡುವ ಆಸೆ. ಶಂಕರಾಚಾರ್ಯರ ನಾಲ್ಕು ಮಠಗಳಲ್ಲಿ ಶೃಂಗೇರಿ ನೋಡಿಯಾಗಿದೆ, ಅಲ್ಲೇ ಇರುವ ಜ್ಯೋತಿರ್ಮಠವನ್ನೂ ನೋಡುತ್ತೇನೆ ಅಂತ ಈಗಲೇ ಹೊರಟು ನಿಂತಿದ್ದಾರೆ.

ಕೊನೆಯದೊಂದು. ನಮ್ಮ ಹತ್ತಿರ ಇರುವುದು ಮಾಮೂಲಿ ಟ್ರೆಕ್ಕಿಂಗ್ ಶೂ. ಹಿಮಕ್ಕೆ ಸಾಕಾ?

ಹಿಮದಂಚು
ಪಾದದ ಗಂಟು ಮುಚ್ಚುವಂತಿದ್ದು, ನೀರು ಒಳಗೆ ಬಾರದಿದ್ದರೆ ಸಾಕು, ಹೊಸದು ಬೇಡ. ಹೊಸ ಶೂ ತಗೊಂಡರೂ ಮೊದಲೇ ಹಾಕಿ ಪಳಗಿಸಿ. ಗಟ್ಟಿ ಹಿಮ ಇದ್ದರೆ ಶೂ ಮೇಲೆ ಎಳೆದು ಹಾಕುವ ಮುಳ್ಳಿನ ಮೈಕ್ರೋಸ್ಪೈಕ್ಸ್ ಬೇಕು. ಶೂ ಬಾಯಿ ಮುಚ್ಚುವ, ಮೊಣಕಾಲವರೆಗಿನ ಗೇಟರ್ ಹೊದಿಕೆ ಹಾಕಿದರೆ ಮೇಲಿನಿಂದ ಹಿಮ ಶೂ ಒಳಗೆ ಇಳಿಯುವುದಿಲ್ಲ. ಎರಡೂ ಬಾಡಿಗೆಗೆ ಸಿಗುತ್ತವೆ, ಆದರೆ ಮಗನ ಅಳತೆಯದು ಸಿಗುವುದು ಕಷ್ಟ. ಅವನದು ಇಲ್ಲಿಂದಲೇ ಒಯ್ಯಿರಿ.

ಸಂಜೆ ಶೂ ಒದ್ದೆಯಾಗಿದ್ದರೆ ಒಳಗಿನ ಅಟ್ಟೆ ತೆಗೆದು ಬೇರೆ ಇಡಿ, ಹಳೆ ಪೇಪರ್ ತುರುಕಿ, ಮಲಗುವ ಮುಂಚೆ ಒಂದು ಸಲ ಪೇಪರ್ ಬದಲಿಸಿ. ಹೀಟರ್ ಮುಂದೆ ಮಾತ್ರ ಇಡಬೇಡಿ, ಅಡಿಯ ಅಂಟು ಬಿಟ್ಟುಕೊಳ್ಳುತ್ತದೆ.